ಗಂಜಿ ತೆಳುವಾಗುವ ಹೊತ್ತು

ರಾಗಿಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ ಮೂಲೆಗಿಡುವುದು ದಾವಣಗೆರೆ, ಹರಿಹರದ ಮನೆಗಳಿಗೆ ಹೊಸದಲ್ಲ. ಎರಡು ದಿನದಲ್ಲಿ ಬಿಳಿ ಮೊಳಕೆ ಇಣುಕುತ್ತದೆ. ಅದನ್ನು ಒಣಗಿಸಿ, ಹದವಾಗಿ ಹುರಿದು, ಗಿರಣಿಯಲ್ಲಿ ಬೀಸಿಸಿದರೆ ಕೂಸಿನ ಸರಿಹಿಟ್ಟು ಸಿದ್ಧ. 2024ರ ಫೆಬ್ರುವರಿಯಿಂದ ರಾಜ್ಯದ ಸರ್ಕಾರಿ ಶಾಲೆಗಳಲ್ಲೂ ಮಕ್ಕಳಿಗೆ ಹಾಲಿನ ಜೊತೆ ರಾಗಿ ಮಾಲ್ಟ್ ಸಿಗುತ್ತಿದೆ. ಬಿಯರ್ ತಯಾರಿಕೆಯ ಮೊದಲ ಅರ್ಧವೂ ಕಾಳನ್ನು ಮೊಳಕೆ ಬರಿಸಿ ಒಣಗಿಸುವ ಇದೇ ಕೆಲಸ; ಹಾಗೆ ಒಣಗಿದ ಮೊಳಕೆ ಕಾಳೇ ಮಾಲ್ಟ್. ಧಾನ್ಯ ಬೇರೆ, ಉದ್ದೇಶ ಬೇರೆ. ಕಾಳಿನೊಳಗೆ ನಡೆಯುವುದು ಮಾತ್ರ ಒಂದೇ.

ಮನೆಯಲ್ಲಿ ಬಿಯರ್ ಮಾಡಲು ಕಾನೂನಿನ ಒಪ್ಪಿಗೆ ಇರುವ ದೇಶಗಳಲ್ಲಿ ಹೊಸಬರು ಸಾಮಾನ್ಯವಾಗಿ ಡಬ್ಬಿಯಲ್ಲಿ ಸಿಗುವ ಮಾಲ್ಟ್ ಪಾಕದಿಂದ ಆರಂಭಿಸುತ್ತಾರೆ. ಯಾವುದೋ ಕಾರ್ಖಾನೆ ಧಾನ್ಯದಿಂದ ಸಿಹಿ ತೆಗೆದು ಗಟ್ಟಿ ಮಾಡಿಟ್ಟ ಪಾಕ ಅದು. ನೀರು ಬೆರೆಸಿ, ಕುದಿಸಿ, ಯೀಸ್ಟ್ ಹಾಕಿದರೆ ಕೆಲಸ ಮುಗಿಯಿತು. ಕೆಲವು ಸಲ ಹಾಗೆ ಮಾಡಿದವರು ಡಬ್ಬಿ ಬಿಟ್ಟು ಕಾಳಿಗೇ ಕೈಹಾಕುತ್ತಾರೆ. ಈ ಎರಡನೆಯ ದಾರಿ ಹಿಡಿದವರಿಗಷ್ಟೇ ಬಿಯರ್ ಎಲ್ಲಿಂದ ಬರುತ್ತದೆ ಎಂಬುದು ನಿಜವಾಗಿ ಗೊತ್ತಾಗುತ್ತದೆ. ಏಕೆಂದರೆ ಧಾನ್ಯದಲ್ಲಿ ಇರುವುದು ಪಿಷ್ಟ, ಯೀಸ್ಟ್ ತಿನ್ನುವುದು ಸಕ್ಕರೆ. ಒಂದನ್ನು ಇನ್ನೊಂದಾಗಿ ಮಾರ್ಪಡಿಸದೆ ಮುಂದಿನ ಯಾವ ಹೆಜ್ಜೆಯೂ ಇಲ್ಲ.

ಆ ಮಾರ್ಪಾಡನ್ನು ನೋಡಲು ಬ್ರೂವರಿಗೆ ಹೋಗಬೇಕಿಲ್ಲ. ಅಕ್ಕಿಯದೋ ರಾಗಿಯದೋ ಗಟ್ಟಿ ಗಂಜಿಯನ್ನು ಚೆನ್ನಾಗಿ ಬೇಯಿಸಿ ಒಲೆಯಿಂದ ಇಳಿಸಿ, ಸುಮಾರು 65ರಿಂದ 70 ಡಿಗ್ರಿಗೆ ಆರಲು ಬಿಡಬೇಕು. ಹುರಿಯದೆ ಬರೀ ಒಣಗಿಸಿ ಬೀಸಿದ ಮೊಳಕೆ ರಾಗಿ ಹಿಟ್ಟನ್ನು ಒಂದು ಚಮಚ ಹಾಕಿ ಕಲಕಬೇಕು. ಸೌಟು ನಿಲ್ಲುವಷ್ಟು ಗಟ್ಟಿಯಾಗಿದ್ದ ಗಂಜಿ ನಿಮಿಷಗಳಲ್ಲಿ ಸಡಿಲವಾಗಿ ಹರಿಯತೊಡಗುತ್ತದೆ. ಬೆಚ್ಚಗೆ ಮುಚ್ಚಿಟ್ಟು ಅರ್ಧ ಗಂಟೆಯ ಮೇಲೆ ರುಚಿ ನೋಡಿದರೆ, ಯಾರೂ ಸಕ್ಕರೆ ಹಾಕದಿದ್ದರೂ ಸಿಹಿ. ಮೊಳಕೆಯಲ್ಲಿರುವ ಅಮೈಲೇಸ್ ಎಂಬ ಕಿಣ್ವಗಳು ಪಿಷ್ಟದ ಉದ್ದನೆಯ ಸರಪಳಿಗಳನ್ನು ತುಂಡರಿಸಿದ್ದರ ಫಲ ಇದು. ಬೀಜ ತನ್ನ ಸಸಿಗೆ ಊಟ ಒದಗಿಸಲು ಹುಟ್ಟಿಸಿಕೊಂಡ ಕಿಣ್ವಗಳು ಇವು. ಮೊಳಕೆ ಬಂದ ಮೇಲೆ ಒಣಗಿಸಿ ಸಸಿಯ ಬೆಳವಣಿಗೆಯನ್ನು ನಿಲ್ಲಿಸಿದರೂ ಕಿಣ್ವ ಕಾಳಿನಲ್ಲಿ ಉಳಿಯುತ್ತದೆ.

ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ಎನ್.ಜಿ. ಮಲ್ಲೇಶಿ ಮತ್ತು ಎಚ್.ಎಸ್.ಆರ್. ದೇಶಿಕಾಚಾರ್ ರಾಗಿಯ ಮೊಳಕೆಯನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದರು. ಅವರ ಕಾಳಜಿ ಬಿಯರ್ ಅಲ್ಲ, ಮಕ್ಕಳ ಆಹಾರ. ಎಳೆಯ ಕೂಸಿಗೆ ಗಟ್ಟಿ ಗಂಜಿ ನುಂಗಲಾಗದು. ನೀರು ಸೇರಿಸಿ ತೆಳು ಮಾಡಿದರೆ ಹೊಟ್ಟೆ ತುಂಬುತ್ತದೆ, ಪೋಷಣೆ ಸಿಗುವುದಿಲ್ಲ. ಮೊಳಕೆ ಹಿಟ್ಟು ಬೆರೆತರೆ ನೀರು ಹೆಚ್ಚಿಸದೆಯೇ ಗಂಜಿ ತೆಳುವಾಗುತ್ತದೆ, ಅದೇ ಬಟ್ಟಲಿನಲ್ಲಿ ಹೆಚ್ಚು ಧಾನ್ಯ ಮಗುವಿನ ಹೊಟ್ಟೆ ಸೇರುತ್ತದೆ. ಬರೋಡಾದಲ್ಲಿ ತಾರಾ ಗೋಪಾಲದಾಸ್ ಅವರೂ ಇದೇ ಜಾಡಿನಲ್ಲಿ ಅಮೈಲೇಸ್ ತುಂಬಿದ ಮೊಳಕೆ ಹಿಟ್ಟನ್ನು ಮಕ್ಕಳ ಅಪೌಷ್ಟಿಕತೆಗೆ ಮದ್ದಾಗಿ ಮುಂದಿಟ್ಟರು. ಬ್ರೂವರಿಯಲ್ಲಿ ನಡೆಯುವ ರಾಸಾಯನಿಕ ಕ್ರಿಯೆಯೇ ಅಂಗನವಾಡಿಗೂ ಒದಗಿಬರುತ್ತದೆ ಎಂಬುದನ್ನು ನಮ್ಮ ಶಾಲೆಗಳ ವಿಜ್ಞಾನ ಪಾಠದಲ್ಲಿ ಹೇಳಿಕೊಡಬೇಕು. ದಾವಣಗೆರೆಯ ಯಾವ ಶಾಲೆಯೂ ಮಾಡಿ ತೋರಿಸಬಹುದಾದ ಪ್ರಯೋಗ ಅದು.

ಬಿಯರ್‌ಗೆ ಜಗತ್ತು ನೆಚ್ಚಿಕೊಂಡಿರುವುದು ಬಾರ್ಲಿಯನ್ನು, ಅಂದರೆ ಜವೆಗೋಧಿಯನ್ನು. ಭಾರತದಲ್ಲಿ ಅದು ರಾಜಸ್ಥಾನ, ಹರಿಯಾಣ, ಉತ್ತರ ಪ್ರದೇಶಗಳ ಚಳಿಗಾಲದ ಬೆಳೆ. ಬಾರ್ಲಿಗೆ ಈ ಪಟ್ಟ ಸುಮ್ಮನೆ ಸಿಕ್ಕಿದ್ದಲ್ಲ. ಪಿಷ್ಟವನ್ನು ಎಲ್ಲೆಂದರಲ್ಲಿ ಕತ್ತರಿಸುವ ಆಲ್ಫಾ ಅಮೈಲೇಸ್, ತುದಿಯಿಂದ ಎರಡೆರಡೇ ಗ್ಲೂಕೋಸ್ ಕಡಿದು ಮಾಲ್ಟೋಸ್ ಸಕ್ಕರೆ ಮಾಡುವ ಬೀಟಾ ಅಮೈಲೇಸ್, ಇವೆರಡೂ ಅದರ ಮೊಳಕೆಯಲ್ಲಿ ಧಾರಾಳ. ಅದರ ಪಿಷ್ಟ 60ರಿಂದ 65 ಡಿಗ್ರಿಯ ಆಸುಪಾಸಿನಲ್ಲೇ ನೀರು ಕುಡಿದು ಅರಳಿ ಕಿಣ್ವಕ್ಕೆ ಬಾಯಿ ತೆರೆಯುತ್ತದೆ. ಕಿಣ್ವ ಚುರುಕಾಗಿರುವುದೂ ಆ ಶಾಖದಲ್ಲೇ. ಮೇಲಾಗಿ, ಕಾಳಿಗೆ ಅಂಟಿಕೊಂಡ ಹೊಟ್ಟು ಪಾತ್ರೆಯ ತಳದಲ್ಲಿ ಹಾಸಿಕೊಂಡು ತಾನೇ ಜರಡಿಯಾಗುತ್ತದೆ.

ದಾವಣಗೆರೆ ಸೀಮೆಯ ಬೆಳೆಗಳಲ್ಲಿ ಒಂದೊಂದಕ್ಕೂ ಒಂದೊಂದು ತೊಡಕಿದೆ. ರಾಜ್ಯದಲ್ಲಿ ಮೆಕ್ಕೆಜೋಳಕ್ಕೆ ಹೆಸರಾದ ಜಿಲ್ಲೆ ಇದು. ಆದರೆ ಮೆಕ್ಕೆಜೋಳದ ಪಿಷ್ಟ ಅರಳಲು ಹೆಚ್ಚು ಶಾಖ ಬೇಕು, ಅಷ್ಟು ಶಾಖಕ್ಕೆ ಕಿಣ್ವ ಸಾಯುತ್ತದೆ. ಹಾಗಾಗಿ ಮೊದಲು ಬೇರೆ ಪಾತ್ರೆಯಲ್ಲಿ ಬೇಯಿಸಿ, ಆರಿಸಿ, ಆಮೇಲೆ ಬಾರ್ಲಿ ಮಾಲ್ಟಿಗೆ ಬೆರೆಸಬೇಕು. ಅಕ್ಕಿಯದೂ ಇದೇ ಕಥೆ. ದೊಡ್ಡ ಬ್ರೂವರಿಗಳು ಲಾಗರ್ ಬಿಯರನ್ನು ಹಗುರ ಮಾಡಲು ಅಕ್ಕಿ, ಮೆಕ್ಕೆಜೋಳ ಬಳಸುವಾಗ ಹೀಗೇ ಬೇಯಿಸಿಕೊಳ್ಳುತ್ತವೆ, ಇಲ್ಲವೇ ಆವಿಯಲ್ಲಿ ಬೇಯಿಸಿ ಒತ್ತಿದ ಅವಲಕ್ಕಿಯ ರೂಪದಲ್ಲಿ ತರಿಸಿಕೊಳ್ಳುತ್ತವೆ.

ಬೇಯಿಸುವ ಈ ರಗಳೆಯೇ ಇಲ್ಲದ ಒಂದು ಧಾನ್ಯ ದಾವಣಗೆರೆಯ ಬೀದಿಬೀದಿಯಲ್ಲಿದೆ: ಮಂಡಕ್ಕಿ. ಭಟ್ಟಿಯಲ್ಲಿ ಕಾದ ಮರಳು ತಾಗಿ ಅಕ್ಕಿ ಅರಳಿದಾಗ ಅದರ ಪಿಷ್ಟ ಆಗಲೇ ಬೆಂದಿರುತ್ತದೆ. ಬೆಣ್ಣೆದೋಸೆಯ ಹಿಟ್ಟಿಗೆ ಒಂದು ಹಿಡಿ ಮಂಡಕ್ಕಿ ರುಬ್ಬಿ ಸೇರಿಸುವುದರ ಹಿಂದೆಯೂ ಇದೇ ಗುಣವಿದೆ. ಬೆಂದ ಪಿಷ್ಟ ಹಿಟ್ಟಿಗೆ ಹದ ಕೊಡುತ್ತದೆ. ಹೀಗಾಗಿ ಮಂಡಕ್ಕಿಯನ್ನು ನೇರವಾಗಿ ಬಿಸಿ ಮಾಲ್ಟಿಗೆ ಸುರಿದರೂ ಕಿಣ್ವ ಕೂಡಲೇ ಕೆಲಸಕ್ಕೆ ಇಳಿಯುತ್ತದೆ. ಹೊರದೇಶದ ಅಂಗಡಿಗಳು ಉಬ್ಬಿಸಿದ ಧಾನ್ಯವನ್ನು ಬಿಯರ್ ಸಾಮಗ್ರಿ ಎಂದೇ ಮಾರುತ್ತವೆ. ಒಂದೇ ಎಚ್ಚರ: ಅರಳಿಸುವ ಮೊದಲು ಅಕ್ಕಿಗೆ ಉಪ್ಪುನೀರು ಹಾಕಿರುತ್ತಾರೆ. ಮಂಡಕ್ಕಿ ಹೆಚ್ಚಾದರೆ ಬಿಯರ್ ಉಪ್ಪಾಗುತ್ತದೆ. ಒಟ್ಟು ಧಾನ್ಯದ ಹತ್ತನೇ ಒಂದು ಭಾಗ ದಾಟದಿರುವುದು ಒಳ್ಳೆಯದು.

ಬಿಳಿಜೋಳದ ವಿಷಯಕ್ಕೆ ಬಂದರೆ ಎಚ್ಚರ ಇನ್ನೂ ದೊಡ್ಡದು. ಎಳೆಯ ಜೋಳದ ಪೈರು ಮೇಯ್ದ ದನ ಸಾಯುತ್ತದೆ ಎಂದು ಈ ಕಡೆಯ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆ ಎಳೆಯ ಸುಳಿಯಲ್ಲಿರುವ ಧುರ್ರಿನ್ ಎಂಬ ವಸ್ತುವಿನಿಂದ ಸಯನೈಡ್ ಹುಟ್ಟುತ್ತದೆ. ಜೋಳದ ಮೊಳಕೆಯಲ್ಲೂ ಅದು ಇರುತ್ತದೆ. ಆದ್ದರಿಂದ ಜೋಳದ ಮಾಲ್ಟ್ ಮಾಡುವ ಆಫ್ರಿಕಾದ ಕಾರ್ಖಾನೆಗಳು ಒಣಗಿದ ಮೊಳಕೆಯನ್ನೂ ಬೇರನ್ನೂ ಉಜ್ಜಿ ತೆಗೆದು ಕಾಳನ್ನು ಮಾತ್ರ ಉಳಿಸಿಕೊಳ್ಳುತ್ತವೆ. ಜೋಳದಿಂದ ಬಿಯರ್ ಮಾಡುವುದು ಅಸಾಧ್ಯವಲ್ಲ ಎಂಬುದಕ್ಕೆ ನೈಜೀರಿಯಾ ಸಾಕ್ಷಿ. ವಿದೇಶಿ ವಿನಿಮಯ ಉಳಿಸಲು ಅಲ್ಲಿನ ಸರ್ಕಾರ 1988ರಲ್ಲಿ ಬಾರ್ಲಿ ಮಾಲ್ಟಿನ ಆಮದನ್ನೇ ನಿಷೇಧಿಸಿತು. ಗಿನ್ನೆಸ್‌ನಂಥ ಹೆಸರಾಂತ ಕಂಪನಿಯೂ ಅಲ್ಲಿ ಜೋಳ, ಮೆಕ್ಕೆಜೋಳ ಹಿಡಿಯಬೇಕಾಯಿತು. ಉಗಾಂಡದಲ್ಲಿ ರಾಗಿಯಿಂದ ಮಲ್ವಾ, ನೇಪಾಳ, ಸಿಕ್ಕಿಂಗಳಲ್ಲಿ ಅದೇ ರಾಗಿಯಿಂದ ತೊಂಗ್ಬಾ ತಯಾರಾಗುತ್ತವೆ. ತೊಂಗ್ಬಾಕ್ಕೆ ರಾಗಿಯನ್ನು ಮೊಳಕೆ ಬರಿಸುವುದಿಲ್ಲ. ಬೇಯಿಸಿ, ಬೂಷ್ಟಿನಿಂದ ಮಾಡಿದ ಮರ್ಚಾ ಎಂಬ ಹುದುಗಿನ ಬಿಲ್ಲೆ ಬೆರೆಸುತ್ತಾರೆ. ಪಿಷ್ಟವನ್ನು ಸಕ್ಕರೆ ಮಾಡಲು ಮನುಷ್ಯ ಕಂಡುಕೊಂಡ ಇನ್ನೊಂದು ದಾರಿ ಅದು.

ಇಷ್ಟು ಓದಿ ದಾವಣಗೆರೆಯ ತಮ್ಮ ಅಡುಗೆಮನೆಯಲ್ಲೇ ಹಂಡೆ ಇಡಲು ಹೊರಡುವವರು ಇಲ್ಲಿ ನಿಲ್ಲಬೇಕು. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಸ್ವಂತಕ್ಕೆ, ಮಾರುವುದಕ್ಕಲ್ಲ ಎಂಬ ವಾದ ಅಲ್ಲಿ ನಡೆಯುವುದಿಲ್ಲ. ಬೆಂಗಳೂರಿನಲ್ಲಿ 2010–11ರ ಹೊತ್ತಿಗೆ ತಲೆಯೆತ್ತಿದ ಕಿರು ಬ್ರೂವರಿಗಳು ಅಬಕಾರಿ ಇಲಾಖೆಯ ಪರವಾನಗಿ ಪಡೆದು ನಡೆಯುವ ವ್ಯಾಪಾರಗಳು. ಮನೆಗೆ ಅಂಥ ಪರವಾನಗಿ ಇಲ್ಲ.

ಈ ಬಿಗಿಯ ಹಿಂದೆ ನೋವಿದೆ. 1981ರ ಜುಲೈನಲ್ಲಿ ಬೆಂಗಳೂರು ಸುತ್ತಮುತ್ತ ಕಳ್ಳಭಟ್ಟಿ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಕೊಂದದ್ದು ಅದಕ್ಕೆ ಬೆರೆಸಿದ ಮೀಥೈಲ್ ಆಲ್ಕೊಹಾಲ್. 2007ರ ಜುಲೈನಲ್ಲಿ ಸರ್ಕಾರ ಸಾರಾಯಿಯನ್ನೇ ನಿಲ್ಲಿಸಿತು. 2019ರ ಜನವರಿಯಲ್ಲಿ ಮದ್ಯ ನಿಷೇಧಿಸಿ ಎಂದು ಸಾವಿರಾರು ಹೆಣ್ಣುಮಕ್ಕಳು ನೆರೆಯ ಚಿತ್ರದುರ್ಗದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೋದರು. ಮಾಲ್ಟನ್ನು ಬರೀ ಹುದುಗಿಸಿ ಮಾಡುವ ಬಿಯರ್‌ನಲ್ಲಿ ಮೀಥೈಲ್ ಆಲ್ಕೊಹಾಲ್ ಪ್ರಾಣಕ್ಕೆ ಕುತ್ತಾಗುವಷ್ಟು ಹುಟ್ಟುವುದಿಲ್ಲ, ನಿಜ. ಆದರೂ ಕುಡಿತದಿಂದ ಮನೆ ಮುರಿದವರ ಸಿಟ್ಟನ್ನು ರಸಾಯನಶಾಸ್ತ್ರದ ಈ ವಿವರದಿಂದ ತಳ್ಳಿಹಾಕಲಾಗದು. ಕಾಯ್ದೆ ಇರುವಷ್ಟು ದಿನ ಇಲ್ಲಿ ಯೀಸ್ಟ್ ಹಾಕುವ ಮೊದಲೇ ನಿಲ್ಲಬೇಕು.

ಹೊರಗೆ ಸ್ಥಿತಿ ಬೇರೆ. ಬ್ರಿಟನ್ನಿನಲ್ಲಿ 1880ರಿಂದ ಮನೆ ಬಿಯರ್‌ಗೂ ಪರವಾನಗಿ ಬೇಕಿತ್ತು. ಅರ್ಥಸಚಿವ ರೆಜಿನಾಲ್ಡ್ ಮಾಡ್ಲಿಂಗ್ 1963ರಲ್ಲಿ ಅದನ್ನು ತೆಗೆದರು. ಅಮೆರಿಕದಲ್ಲಿ ಜಿಮ್ಮಿ ಕಾರ್ಟರ್ 1978ರ ಅಕ್ಟೋಬರ್‌ನಲ್ಲಿ ಸಹಿ ಹಾಕಿದ ಕಾಯ್ದೆ ಒಬ್ಬ ವಯಸ್ಕರಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿರುವ ಮನೆಗೆ 200 ಗ್ಯಾಲನ್ ಬಿಯರ್ ಮಾಡಿಕೊಳ್ಳಲು ತೆರಿಗೆಯಿಲ್ಲದೆ ಬಿಟ್ಟಿತು. ಮಾರುವಂತಿಲ್ಲ. ಎಲ್ಲ ರಾಜ್ಯಗಳೂ ಒಪ್ಪಲು 2013 ಆಯಿತು. ಕೊನೆಗೆ ಒಪ್ಪಿದವು ಅಲಬಾಮಾ, ಮಿಸಿಸಿಪ್ಪಿ. ದಾವಣಗೆರೆಯ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿ ಅಲ್ಲಿ ನೆಲೆಸಿದವರು ಬಹಳ ಜನ. ಮೊದಲ ಸಲ ಕಾಳಿನಿಂದ ಬಿಯರ್ ಮಾಡಹೊರಟವರು ಅವರಲ್ಲಿದ್ದರೆ ಮುಂದಿನ ವಿವರ ಅವರ ಕೈಗೆ ಉಪಯೋಗಕ್ಕೆ ಬರಲಿ.

ಇಪ್ಪತ್ತು ಲೀಟರ್ ಬಿಯರ್‌ಗೆ ನಾಲ್ಕೂವರೆಯಿಂದ ಐದು ಕಿಲೋ ಬಾರ್ಲಿ ಮಾಲ್ಟ್ ಸಾಕು. ಅದನ್ನು ಹಿಟ್ಟು ಮಾಡಬಾರದು, ಒಡೆಯಬೇಕು: ಕಾಳು ಮೂರ್ನಾಲ್ಕು ಚೂರಾಗಿ, ಹೊಟ್ಟು ಆದಷ್ಟೂ ಇಡಿಯಾಗಿ ಉಳಿಯಬೇಕು. ನಮ್ಮ ಹಿಟ್ಟಿನ ಗಿರಣಿಯ ಕಲ್ಲಿಗೆ ಇದು ಒಗ್ಗದ ಕೆಲಸ. ನಡುವೆ ಸುಮಾರು ಒಂದು ಮಿಲಿಮೀಟರ್ ಸಂದು ಬಿಟ್ಟ ಎರಡು ಉಕ್ಕಿನ ಉರುಳೆಗಳು ಬೇಕು. ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ದಶಕಗಳ ಕಾಲ ಲೇತ್ ತಯಾರಿಸಿದ ಹರಿಹರದಲ್ಲಿ ಅಂಥ ಉರುಳೆ ಕಡೆದುಕೊಡುವುದು ಯಾವ ಹಳೆಯ ಟರ್ನರ್‌ಗೂ ಕಷ್ಟವಲ್ಲ. ಅಮೆರಿಕದಲ್ಲಿ ಮಾಲ್ಟ್ ಮಾರುವ ಅಂಗಡಿಯವರೇ ಒಡೆದು ಕೊಡುತ್ತಾರೆ.

ಬಿಯರ್ ಮಾಡುವ ದಿನ ನಿಜವಾಗಿ ಮುಖ್ಯವಾದ ಉಪಕರಣ ಒಂದೇ: ನಂಬಬಹುದಾದ ಥರ್ಮಾಮೀಟರ್. ಕುದಿಯುವ ನೀರಿನಲ್ಲಿ ಅದ್ದಿ ಪರೀಕ್ಷಿಸುವುದು ವಾಡಿಕೆ. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ದಾವಣಗೆರೆಯಲ್ಲಾದರೆ ನೀರು 98 ಡಿಗ್ರಿಗೇ ಕುದಿಯುತ್ತದೆ. ಅಲ್ಲಿ 98 ತೋರಿಸಿದರೆ ಉಪಕರಣ ಸರಿಯಿದೆ ಎಂದೇ ಅರ್ಥ. ಕಿಲೋ ಮಾಲ್ಟಿಗೆ ಮೂರು ಲೀಟರ್ ಲೆಕ್ಕದಲ್ಲಿ ನೀರನ್ನು 72–73 ಡಿಗ್ರಿಗೆ ಕಾಯಿಸಿ, ಒಡೆದ ಮಾಲ್ಟನ್ನು ಗಂಟಾಗದಂತೆ ತಿರುವುತ್ತ ಸುರಿದರೆ, ತಣ್ಣಗಿನ ಕಾಳು ಶಾಖ ಹೀರಿ ಒಟ್ಟು 66–67ಕ್ಕೆ ನಿಲ್ಲುತ್ತದೆ. ಮುಚ್ಚಿ, ಕಂಬಳಿ ಸುತ್ತಿ ಒಂದು ಗಂಟೆ ಬಿಡಬೇಕು. ಬಿಯರ್‌ನ ಮೈಕಟ್ಟು ನಿರ್ಧಾರವಾಗುವುದು ಈ ಒಂದು ಗಂಟೆಯಲ್ಲೇ. 63–65ರಲ್ಲಿ ಬೀಟಾ ಅಮೈಲೇಸ್‌ನದು ಮೇಲುಗೈ: ಯೀಸ್ಟ್ ತಿನ್ನಬಲ್ಲ ಸಕ್ಕರೆ ಹೆಚ್ಚು, ಬಿಯರ್ ತೆಳು, ಒಣ ರುಚಿ. 69–70ಕ್ಕೆ ಏರಿದರೆ ಬೀಟಾ ಬೇಗ ಸೋತು ಆಲ್ಫಾ ಉಳಿಯುತ್ತದೆ: ಯೀಸ್ಟಿಗೆ ದಕ್ಕದ ದೊಡ್ಡ ತುಣುಕುಗಳು ಹೆಚ್ಚು, ಬಿಯರ್ ದಪ್ಪ, ತುಸು ಸಿಹಿ. 78 ದಾಟಿದರೆ ಎರಡೂ ಕೆಲಸ ನಿಲ್ಲಿಸುತ್ತವೆ. ಹೊಸಬರು ಕಹಿ, ಪರಿಮಳ ಕೊಡುವ ಹಾಪ್ಸ್ ಹೂ, ಯೀಸ್ಟ್‌ಗಳ ಹೆಸರು ಆರಿಸಲು ಕಳೆಯುವ ಸಮಯದಲ್ಲಿ ಅರ್ಧದಷ್ಟನ್ನು ಈ ಮೂರ್ನಾಲ್ಕು ಡಿಗ್ರಿಗಳ ಮೇಲೆ ಕಳೆದರೆ ಫಲ ಹೆಚ್ಚು.

ಪಿಷ್ಟ ಮುಗಿಯಿತೇ ಎಂದು ತಿಳಿಯಲು ಔಷಧಿ ಅಂಗಡಿಯ ಟಿಂಕ್ಚರ್ ಅಯೋಡಿನ್ ಸಾಕು. ಬಿಳಿ ತಟ್ಟೆಯ ಮೇಲೆ ಒಂದು ಹನಿ ರಸ, ಅದರ ಮೇಲೆ ಒಂದು ಹನಿ ಅಯೋಡಿನ್. ಕಪ್ಪು ನೀಲಿಯಾದರೆ ಇನ್ನೂ ಕಾಯಬೇಕು. ಕಂದು ಬಣ್ಣ ಹಾಗೇ ನಿಂತರೆ ಆಯಿತು. ಪರೀಕ್ಷಿಸಿದ ಹನಿಯನ್ನು ಚೆಲ್ಲಬೇಕು, ಹಂಡೆಗೆ ಮರಳಿಸಬಾರದು.

ರಸ ಬೇರ್ಪಡಿಸಲು ಮೊದಲ ಸಲಕ್ಕೆ ಅತ್ಯಂತ ಸುಲಭದ ದಾರಿ ಬಟ್ಟೆ ಚೀಲ. ಆಸ್ಟ್ರೇಲಿಯಾದ ಹವ್ಯಾಸಿಗಳು ಜನಪ್ರಿಯಗೊಳಿಸಿದ ಕ್ರಮ ಇದು: ಕಾಳನ್ನು ಜಾಲರಿ ಬಟ್ಟೆಯ ಚೀಲದಲ್ಲೇ ನೆನೆಸುವುದು, ಗಂಟೆಯ ಮೇಲೆ ಚೀಲ ಎತ್ತಿ ಸೋರಲು ಬಿಡುವುದು, 75 ಡಿಗ್ರಿಯ ನೀರು ಹೊಯ್ದು ಉಳಿದ ಸಿಹಿಯನ್ನೂ ತೊಳೆದುಕೊಳ್ಳುವುದು. ರಾಗಿಯಂಥ ಹೊಟ್ಟಿಲ್ಲದ ಸಣ್ಣ ಕಾಳು ಬೆರೆಸಿದಾಗ ಇದು ಇನ್ನೂ ಅನುಕೂಲ, ಇಲ್ಲದಿದ್ದರೆ ತಳದ ಜರಡಿ ಕಟ್ಟಿಕೊಂಡು ರಸ ಇಳಿಯುವುದೇ ಇಲ್ಲ.

ನೀರಿನ ಬಗ್ಗೆ ಒಂದು ಮಾತು. ದಾವಣಗೆರೆ ನಗರಕ್ಕೆ ಹರಿಹರ ತಾಲ್ಲೂಕಿನ ರಾಜನಹಳ್ಳಿಯಿಂದ ತುಂಗಭದ್ರೆಯ ನೀರು, ಕುಂದವಾಡ ಕೆರೆ ಮತ್ತು ಟಿವಿ ಸ್ಟೇಷನ್ ಕೆರೆಗಳಿಂದ ಭದ್ರಾ ನಾಲೆಯ ನೀರು ಬರುತ್ತದೆ, ಸಾಲದ್ದಕ್ಕೆ ಬೋರ್‌ವೆಲ್. ಹೊಳೆ ನೀರಿನಲ್ಲಿ ಕುದಿಸಿದ ಬೇಳೆ ಬೇಗ ಬೇಯುತ್ತದೆ, ಬೋರ್ ನೀರಿನಲ್ಲಿ ತಡ ಎಂಬುದನ್ನು ಗೃಹಿಣಿಯರು ಬಲ್ಲರು. ಅದೇ ಗಡಸುತನ ಮಾಲ್ಟನ್ನೂ ಕಾಡುತ್ತದೆ. ಮಾಲ್ಟ್ ನೆನೆಯುವ ನೀರು ತುಸು ಹುಳಿಯ ಕಡೆಗೆ, ಪಿಎಚ್ 5.2ರಿಂದ 5.6ರೊಳಗೆ ಇದ್ದರೆ ಕಿಣ್ವಕ್ಕೆ ಹಿತ. ಬೈಕಾರ್ಬೊನೇಟ್ ತುಂಬಿದ ನೀರು ಅದನ್ನು ಮೇಲಕ್ಕೆ ಎಳೆಯುತ್ತದೆ, ಆಗ ಸಿಪ್ಪೆಯ ಒಗರು ರಸಕ್ಕೆ ಇಳಿಯುತ್ತದೆ. ಅಂಥ ನೀರನ್ನು ಮೊದಲೇ ಕುದಿಸಿ, ಆರಿಸಿ, ತಳದ ಬಿಳಿ ಸುಣ್ಣ ಬಿಟ್ಟು ಮೇಲಿನದನ್ನು ಬಳಸಿದರೆ ಬಹುಪಾಲು ಪರಿಹಾರ. ನಲ್ಲಿ ನೀರಿನ ಕ್ಲೋರಿನ್ನೂ ಆ ಕುದಿಯಲ್ಲೇ ಹೋಗುತ್ತದೆ. ಮೆದು ನೀರಿನ ಪಿಲ್ಸೆನ್ ಊರು ತಿಳಿ ಹೊಂಬಣ್ಣದ ಬಿಯರ್‌ಗೆ, ಜಿಪ್ಸಂ ಬೆರೆತ ನೀರಿನ ಬರ್ಟನ್ ಊರು ಏಲ್ ಎಂಬ ಬಗೆಯ ಕಹಿ ಬಿಯರ್‌ಗೆ ಹೆಸರಾದದ್ದು ಹೀಗೆ ನೀರಿನಿಂದಲೇ.

ಸೋಸಿದ ರಸವನ್ನು ಒಂದು ಗಂಟೆ ಬಿಡದೆ ಕುದಿಸಬೇಕು. 25–30 ಗ್ರಾಂ ಹಾಪ್ಸ್ ಹೂವನ್ನು ಕುದಿ ಶುರುವಾದಾಗಲೇ ಹಾಕಿದರೆ ಕಹಿ, ಕೊನೆಯಲ್ಲಿ ಹಾಕಿದರೆ ಪರಿಮಳ. ಹಾಪ್ಸ್ ಬೆಳೆಯಲು ಬೇಸಿಗೆಯ ಹಗಲು ಬಹಳ ಉದ್ದವಿರಬೇಕು. ಭಾರತದಲ್ಲಿ ಅದು ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಬೆಳೆಯುತ್ತದೆ. ನಮ್ಮ ಬಯಲುಸೀಮೆಯಲ್ಲಿ ಆಸೆಪಟ್ಟು ಫಲವಿಲ್ಲ.

ಕುದಿ ಮುಗಿದ ಗಳಿಗೆಯಿಂದ ಶುಚಿತ್ವವೇ ಎಲ್ಲ. ದೋಸೆಹಿಟ್ಟನ್ನು ಉಬ್ಬಿಸಿ ಹುಳಿ ಬರಿಸುವ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳೇ ಬಿಯರ್‌ನ ಮೊದಲ ಶತ್ರು. ಹಸಿ ಧಾನ್ಯದ ದೂಳಿನಲ್ಲೂ ಅವು ತುಂಬಿರುತ್ತವೆ. ಆದ್ದರಿಂದ ಮಾಲ್ಟ್ ಒಡೆಯುವ ಜಾಗ ಬೇರೆ, ಯೀಸ್ಟ್ ಹಾಕುವ ಜಾಗ ಬೇರೆ ಇರಬೇಕು. ಆರಿದ ರಸಕ್ಕೆ ತಾಗುವ ಪ್ರತಿ ಪಾತ್ರೆ, ಕೊಳವೆ, ಸೌಟು ಆಹಾರಕ್ಕೆಂದೇ ಇರುವ ಸ್ಯಾನಿಟೈಸರ್‌ನಲ್ಲಿ ಮುಳುಗೆದ್ದಿರಬೇಕು. ರಸವನ್ನು ಬೇಗ 20 ಡಿಗ್ರಿಗೆ ಇಳಿಸಿ 11 ಗ್ರಾಂ ಒಣ ಏಲ್ ಯೀಸ್ಟ್ ಉದುರಿಸಿ, 18–20 ಡಿಗ್ರಿಯಲ್ಲಿ ಎರಡು ವಾರ ಬಿಡುವುದು. ದಾವಣಗೆರೆಯ ಏಪ್ರಿಲ್ ಶಾಖದಂಥ ಹವೆಯಲ್ಲಿ ಇದೇ ಯೀಸ್ಟ್ ಅವಸರಪಟ್ಟು, ತಲೆನೋವು ತರಿಸುವ ಘಾಟು ಆಲ್ಕೊಹಾಲುಗಳನ್ನು ಹುಟ್ಟಿಸುತ್ತದೆ. ಟೆಕ್ಸಾಸ್, ಅರಿಜೋನಾಗಳ ಬಿಸಿಲಿನಲ್ಲಿರುವವರಿಗೆ ನಾರ್ವೆಯ ಪಶ್ಚಿಮ ಕರಾವಳಿಯ ರೈತರು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಕ್ವೈಕ್ ಯೀಸ್ಟ್ ವರದಾನ. ಚಳಿಯ ನಾಡಿನದಾದರೂ 35–40 ಡಿಗ್ರಿಯಲ್ಲಿ ಕೆಟ್ಟ ರುಚಿಯಿಲ್ಲದೆ ಹುದುಗುವ ತಳಿ ಅದು.

ರಸದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಆರಂಭದಲ್ಲಿ 1.048, ಕೊನೆಗೆ 1.011 ತೋರಿಸಿದರೆ ಬಿಯರ್‌ನಲ್ಲಿ ಶೇಕಡ 4.9ರಷ್ಟು ಆಲ್ಕೊಹಾಲ್ ಇದೆ. ಮೂರು ದಿನ ಅಂಕಿ ಕದಲದಿದ್ದರೆ ಮಾತ್ರ ಬಾಟಲಿಗೆ ತುಂಬಬೇಕು, ಲೀಟರಿಗೆ ಆರೇಳು ಗ್ರಾಂ ಸಕ್ಕರೆ ಬೆರೆಸಿ. ಅವಸರ ಮಾಡಿದರೆ ಗಾಜಿನ ಬಾಟಲಿ ಸಿಡಿಯುತ್ತದೆ, ಕಣ್ಣು ಹೋಗುವಂಥ ಅಪಾಯ. ಸೋಡಾದ ಪ್ಲಾಸ್ಟಿಕ್ ಬಾಟಲಿ ಮೊದಲ ಸಲಕ್ಕೆ ಕ್ಷೇಮ. ಒತ್ತಿ ನೋಡಿದರೆ ಒಳಗಿನ ಒತ್ತಡ ಕೈಗೇ ತಿಳಿಯುತ್ತದೆ. ಚೀಲದಲ್ಲಿ ಉಳಿದ ಚರಟ ಅಂದೇ ದನಕ್ಕೋ ಗೊಬ್ಬರದ ಗುಂಡಿಗೋ ಹೋಗಬೇಕು.

ದಾವಣಗೆರೆಯಲ್ಲಿ ಉಳಿದವರಿಗೆ ರಾಗಿ ಇದೆ. ಬಾರ್ಲಿಗೆ ಮೊಳಕೆ ಬರಲು 15–18 ಡಿಗ್ರಿಯ ತಂಪು ಬೇಕು. ರಾಗಿ ಇಲ್ಲಿನ 25–30 ಡಿಗ್ರಿಯಲ್ಲೇ ಹುಲುಸಾಗಿ ಮೊಳೆತು ಮೂರನೆಯ ದಿನಕ್ಕೆ ಕಿಣ್ವ ತುಂಬಿಕೊಳ್ಳುತ್ತದೆ. ಮಳೆಗಾಲದಲ್ಲಿ ಬೂಷ್ಟು ಬಂದ ಗಂಟನ್ನು ಮುಲಾಜಿಲ್ಲದೆ ಎಸೆಯಬೇಕು. ಮೊಳೆತ ರಾಗಿಯಲ್ಲಿ ಅರ್ಧವನ್ನು ಬರೀ ಒಣಗಿಸಿ, ಇನ್ನರ್ಧವನ್ನು ಘಮ ಬರುವವರೆಗೆ ಹುರಿದು ಬೇರೆ ಬೇರೆ ಬೀಸಿಸಿಕೊಳ್ಳಬಹುದು. ಹುರಿದದ್ದರಲ್ಲಿ ಪರಿಮಳ ಉಂಟು, ಕಿಣ್ವ ಸತ್ತಿರುತ್ತದೆ. ಒಣಗಿಸಿದ್ದರಲ್ಲಿ ಕಿಣ್ವ ಉಂಟು, ಪರಿಮಳ ಕಡಿಮೆ. ಹುರಿದ ಹಿಟ್ಟಿನಿಂದ ಗಂಜಿ ಕಾಯಿಸಿ, 67 ಡಿಗ್ರಿಗೆ ಆರಿಸಿ, ಒಣಗಿಸಿದ ಹಿಟ್ಟು ಬೆರೆಸಿ ಒಂದು ಗಂಟೆ ಬೆಚ್ಚಗಿಟ್ಟು, ಬಟ್ಟೆಯಲ್ಲಿ ಸೋಸಿ ಇನ್ನೊಮ್ಮೆ ಕುದಿಸಿದರೆ ಬೆಲ್ಲ ಬೇಡದ ಸಿಹಿ ಮಾಲ್ಟ್ ರಸ ಸಿಗುತ್ತದೆ. ಏಲಕ್ಕಿ ಪುಡಿ ಉದುರಿಸಿ ಮಕ್ಕಳಿಗೂ ಕೊಡಬಹುದು, ಅಬಕಾರಿಯವರ ಅಭ್ಯಂತರವಿಲ್ಲ. ಬಿಸಿಯಿದ್ದಾಗಲೇ ಕುಡಿದು ಮುಗಿಸಬೇಕು, ಉಳಿದದ್ದು ಫ್ರಿಜ್ಜಿಗೆ. ಬೇಸಿಗೆಯಲ್ಲಿ ಹೊರಗೆ ಬಿಟ್ಟರೆ ಗಾಳಿಯಲ್ಲಿನ ಯೀಸ್ಟು, ಬ್ಯಾಕ್ಟೀರಿಯಾಗಳು ಮರುದಿನದೊಳಗೆ ಅದನ್ನು ಹುದುಗಿಸಲು ಶುರುಮಾಡಿರುತ್ತವೆ.